ಹ್ಯಾಂಗ್ ಆದ ಎನ್‌ಎಫ್‌ಎಸ್ ಮೌಂಟ್: ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ ಬಿಡಿಸುವುದು ಹೇಗೆ

ಡಿಸ್ಕ್ ಜಾಗ ನೋಡಲು ಡಿಎಫ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದಿರಿ. ಒಂದು ಸಾಲೂ ಬರಲಿಲ್ಲ. ಕಂಟ್ರೋಲ್-ಸಿ ಒತ್ತಿದರೆ ಕೆಲವೊಮ್ಮೆ ಪ್ರಾಂಪ್ಟ್ ಮರಳುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಇನ್ನೊಂದು ವಿಂಡೋದಲ್ಲಿ ಅಪ್‌ಟೈಮ್ ನೋಡಿದರೆ 16 ಕೋರ್‌ಗಳ ಯಂತ್ರದಲ್ಲಿ ಲೋಡ್ 240. ಟಾಪ್ ತೆರೆದರೆ ಸಿಪಿಯು ಮಾತ್ರ ಕೆಲಸವಿಲ್ಲದೆ ಕುಳಿತಿದೆ. ಇಷ್ಟು ಕಂಡ ಕೂಡಲೇ ಎನ್‌ಎಫ್‌ಎಸ್ ಮೇಲೆ ಅನುಮಾನ ಪಡಿ. ಬೇರೆ ಯಂತ್ರದ, ಅಂದರೆ ಸರ್ವರ್‌ನ, ಕಡತಗಳನ್ನು ನೆಟ್‌ವರ್ಕ್ ಮೂಲಕ ನಿಮ್ಮದೇ ಡೈರೆಕ್ಟರಿಯಂತೆ ತೋರಿಸುವ ವ್ಯವಸ್ಥೆ ಅದು; ಹಾಗೆ ಜೋಡಿಸುವುದೇ ಮೌಂಟ್. ಡಿಸ್ಕ್ ಅಥವಾ ನೆಟ್‌ವರ್ಕ್ ಕಡತಕ್ಕಾಗಿ ಕಾಯುತ್ತ 'ಡಿ' ಸ್ಥಿತಿಯಲ್ಲಿರುವ ಪ್ರೋಸೆಸ್‌ಗಳನ್ನೂ ಲಿನಕ್ಸ್ ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ. ನಿಮಿಷಕ್ಕೊಮ್ಮೆ ಡಿಎಫ್ ಓಡಿಸುವ ಮಾನಿಟರಿಂಗ್ ಏಜೆಂಟ್ ಒಂದಿದ್ದರೆ ಸಾಕು, ನಾಲ್ಕು ಗಂಟೆಯಲ್ಲಿ 240 ಡಿಎಫ್‌ಗಳು ಸಾಲುಗಟ್ಟಿರುತ್ತವೆ.

ಇದು ಬಗ್ ಅಲ್ಲ, ಎನ್‌ಎಫ್‌ಎಸ್ ಕೊಟ್ಟ ಮಾತು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಇದನ್ನು ರೂಪಿಸಿದಾಗಿನಿಂದಲೂ 'ಹಾರ್ಡ್' ಮೌಂಟ್‌ನ ನಿಯಮ ಒಂದೇ: ಸರ್ವರ್ ಉತ್ತರ ಕೊಡುವವರೆಗೆ ಕೇಳುತ್ತಲೇ ಇರು, ಅಪ್ಲಿಕೇಶನ್‌ಗೆ ಸುಳ್ಳು ಎರರ್ ಕೊಡಬೇಡ. ಸರ್ವರ್ ಹತ್ತು ನಿಮಿಷ ಬಿದ್ದು ಎದ್ದರೆ ಅರ್ಧ ಬರೆದ ಕಡತ ತಾನಾಗಿಯೇ ಮುಂದುವರಿಯುತ್ತದೆ. ಹಾಗಾಗಿ ಮಾಡಬೇಕಾದ ಮೊದಲ ಕೆಲಸ ಅನ್‌ಮೌಂಟ್ ಅಲ್ಲ, ರೀಬೂಟ್ ಅಂತೂ ಅಲ್ಲವೇ ಅಲ್ಲ. ಹೋದ ಕೋರಿಕೆ ಎಲ್ಲಿ ನಿಂತಿದೆ ಎಂದು ಹುಡುಕುವುದು. ನಿಲ್ಲಬಹುದಾದ ಜಾಗ ಮೂರೇ: ನಿಮ್ಮ ಯಂತ್ರ, ನಡುವಿನ ದಾರಿ, ಆ ಕಡೆಯ ಸರ್ವರ್.

ಇಲ್ಲಿನ ಉದಾಹರಣೆಗಳು ಲಿನಕ್ಸ್ ಕ್ಲೈಂಟ್‌ನವು. ಸರ್ವರ್ ಹೆಸರು 'ಫೈಲರ್', ವಿಳಾಸ 192.168.10.5, ಮೌಂಟ್ ಆದ ಜಾಗ /ಡೇಟಾ ಎಂದಿಟ್ಟುಕೊಳ್ಳೋಣ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಎಂದಿನ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಹಂತ 1: ಮೊದಲು ನಿಮ್ಮ ಶೆಲ್ ಉಳಿಸಿಕೊಳ್ಳಿ

ಹ್ಯಾಂಗ್ ಆದ ಯಂತ್ರದಲ್ಲಿ ಅತಿ ಸುಲಭವಾಗಿ ಕಳೆದುಕೊಳ್ಳುವುದು ನಿಮ್ಮದೇ ಶೆಲ್ ಅನ್ನು. ಬಳಕೆದಾರರ ಹೋಮ್ ಡೈರೆಕ್ಟರಿ ಎನ್‌ಎಫ್‌ಎಸ್ ಮೇಲಿದ್ದರೆ ಎಸ್‌ಎಸ್‌ಎಚ್ ಲಾಗಿನ್ನೇ ಮುಗಿಯುವುದಿಲ್ಲ, ಏಕೆಂದರೆ ಕೀ ಪರಿಶೀಲಿಸಲು ಆ ಹೋಮ್ ಒಳಗಿನ ಕಡತವನ್ನೇ ಓದಬೇಕು. ಹೋಮ್ ಲೋಕಲ್ ಡಿಸ್ಕ್‌ನಲ್ಲಿರುವ ಖಾತೆಯಿಂದ ಬನ್ನಿ, ಇಲ್ಲವೇ ಕನ್ಸೋಲ್ ಹಿಡಿಯಿರಿ. ಒಳಗೆ ಬಂದ ಮೇಲೆ ಈ ಎರಡು ಸಾಲು:

ಸಿಡಿ /
ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಎಸ್‌ಬಿನ್:/ಯುಎಸ್‌ಆರ್/ಬಿನ್:/ಎಸ್‌ಬಿನ್:/ಬಿನ್

ಎರಡನೆಯದರಲ್ಲಿ 'ಪಾತ್' ಎಂಬುದಷ್ಟೇ ದೊಡ್ಡಕ್ಷರ. ಪಾತ್‌ನಲ್ಲಿ ಎನ್‌ಎಫ್‌ಎಸ್ ಮೇಲಿನ ಟೂಲ್ಸ್ ಡೈರೆಕ್ಟರಿ ಮೊದಲು ಕುಳಿತಿದ್ದರೆ, ಎಲ್‌ಎಸ್ ಹುಡುಕಲು ಹೋದ ಶೆಲ್ ಅಲ್ಲೇ ಉಳಿದುಬಿಡುತ್ತದೆ.

ಇನ್ನು ಮುಂದೆ ಟ್ಯಾಬ್ ಕೀ ಮುಟ್ಟಬೇಡಿ. /ಡೇ ಎಂದು ಬರೆದು ಟ್ಯಾಬ್ ಒತ್ತಿದರೆ ಶೆಲ್ ಆ ಡೈರೆಕ್ಟರಿಯನ್ನು ತಾನೇ ಹೋಗಿ ನೋಡುತ್ತದೆ, ಅಲ್ಲಿಗೆ ಅದರ ಕಥೆಯೂ ಮುಗಿಯಿತು. ಬರೀ ಎಲ್‌ಎಸ್ -ಎಲ್ / ಕೂಡ ಅಷ್ಟೇ ಅಪಾಯ, ಮೌಂಟ್ ಪಾಯಿಂಟ್ ನೇರ ರೂಟ್ ಅಡಿಯಲ್ಲೇ ಇದೆಯಲ್ಲ. ಕೈಯಲ್ಲಿ ಇನ್ನೊಂದು ಸೆಷನ್ ತೆರೆದಿಟ್ಟುಕೊಂಡೇ ಕೆಲಸ ಶುರುಮಾಡಿ.

ಹಂತ 2: ಯಾವ ಮೌಂಟ್ ಎಂದು ಗುರುತಿಸಿ

ಮೌಂಟ್‌ಗಳ ಪಟ್ಟಿಯನ್ನು ಡಿಎಫ್‌ನಿಂದ ತೆಗೆಯಬೇಡಿ. ಕರ್ನೆಲ್ ಬಳಿ ಇರುವ ಪಟ್ಟಿಯನ್ನೇ ಓದಿ, ಅದಕ್ಕೆ ಸರ್ವರ್ ಬದುಕಿರಬೇಕಿಲ್ಲ:

ಗ್ರೆಪ್ ಎನ್‌ಎಫ್‌ಎಸ್ /ಪ್ರಾಕ್/ಮೌಂಟ್ಸ್

ಹತ್ತು ಮೌಂಟ್ ಇದ್ದರೆ ಒಂದೊಂದನ್ನೂ ಹೀಗೆ ತಟ್ಟಿ ನೋಡಿ:

ಟೈಮ್‌ಔಟ್ -ಎಸ್ ಕಿಲ್ 5 ಸ್ಟಾಟ್ -ಎಫ್ /ಡೇಟಾ &

'ಕಿಲ್' ದೊಡ್ಡಕ್ಷರದಲ್ಲಿರಲಿ. ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಸ್ಟಾಟ್ ಸಾಯುತ್ತದೆ, ಆ ಮೌಂಟೇ ಅಪರಾಧಿ. ಕೊನೆಯ & ಬಿಡಬೇಡಿ. ಕಿಲ್‌ಗೂ ಬಗ್ಗದ ಸ್ಥಿತಿಯಲ್ಲಿ ಸ್ಟಾಟ್ ಸಿಕ್ಕಿಕೊಂಡರೆ ಟೈಮ್‌ಔಟ್ ಕೂಡ ಅದಕ್ಕಾಗಿ ಕಾಯುತ್ತದೆ. ಹಿನ್ನೆಲೆಯಲ್ಲಿದ್ದರೆ ನಿಮ್ಮ ಪ್ರಾಂಪ್ಟ್ ಆದರೂ ಉಳಿಯುತ್ತದೆ. ಲೋಕಲ್ ಡಿಸ್ಕ್‌ಗಳ ಜಾಗ ನೋಡಲೇಬೇಕಿದ್ದರೆ ಡಿಎಫ್ -ಎಲ್ ಬಳಸಿ.

ಆಯ್ಕೆಗಳನ್ನು ತಿಳಿಯಲು ಎನ್‌ಎಫ್‌ಎಸ್‌ಸ್ಟಾಟ್ -ಎಂ. ಗಮನಿಸಬೇಕಾದವು: ಆವೃತ್ತಿ 3 ಅಥವಾ 4, ಹಾರ್ಡ್ ಅಥವಾ ಸಾಫ್ಟ್, ಟಿಸಿಪಿ ಅಥವಾ ಯುಡಿಪಿ, ಟೈಮಿಯೋ (ಉತ್ತರಕ್ಕೆ ಕಾಯುವ ಅವಧಿ) ಮತ್ತು ರೀಟ್ರಾನ್ಸ್ (ಮರುಪ್ರಯತ್ನಗಳ ಸಂಖ್ಯೆ). ಟೈಮಿಯೋ ಲೆಕ್ಕ ಸೆಕೆಂಡಿನ ಹತ್ತನೇ ಒಂದರಲ್ಲಿ: 600 ಎಂದರೆ 60 ಸೆಕೆಂಡ್. ಇದನ್ನು ಮರೆತು 'ಹತ್ತು ಸೆಕೆಂಡ್ ಇರಲಿ' ಎಂದು 10 ಬರೆದಿಟ್ಟು, ಒಂದೊಂದು ಸೆಕೆಂಡಿಗೂ ಟೈಮ್‌ಔಟ್ ಆಗುವ ಮೌಂಟ್ ಮಾಡಿಕೊಂಡವರಿಗೆ ಕಡಿಮೆಯಿಲ್ಲ.

ಹಂತ 3: ಪ್ರೋಸೆಸ್ ಯಾವುದಕ್ಕೆ ಕಾಯುತ್ತಿದೆ

ಪಿಎಸ್ -ಇಒ ಪಿಐಡಿ,ಸ್ಟಾಟ್,ಡಬ್ಲ್ಯುಚಾನ್:32,ಕಾಮ್

ಇಲ್ಲಿ ಪೂರ್ತಿ ಕಮಾಂಡ್ ಸಾಲು ತೋರಿಸುವ 'ಆರ್ಗ್ಸ್' ಬದಲು 'ಕಾಮ್' ಕೇಳಿರುವುದು ಬೇಕೆಂದೇ. ಪೂರ್ತಿ ಸಾಲನ್ನು ತರಲು ಪಿಎಸ್ ಆ ಪ್ರೋಸೆಸ್‌ನ ಮೆಮೊರಿಯನ್ನು ಇಣುಕಬೇಕು. ಆ ಮೆಮೊರಿಯ ಬೀಗವೇ ಸಿಕ್ಕಿಕೊಂಡಿದ್ದರೆ ಪಿಎಸ್ ಸಹ ಸಿಕ್ಕಿಕೊಳ್ಳುತ್ತದೆ. ಅಪರೂಪ, ಆದರೆ ಆಗುವುದು ಸರಿಯಾಗಿ ಇಂಥ ದಿನವೇ.

'ಡಿ' ಸ್ಥಿತಿಯ ಸಾಲುಗಳಲ್ಲಿ ಡಬ್ಲ್ಯುಚಾನ್ ಕಾಲಂ ನೋಡಿ, ಪ್ರೋಸೆಸ್ ಕರ್ನೆಲ್ ಒಳಗೆ ಎಲ್ಲಿ ಕಾಯುತ್ತಿದೆ ಎಂದು ಅದು ಹೇಳುತ್ತದೆ. ಎನ್‌ಎಫ್‌ಎಸ್ ಸರ್ವರ್‌ಗೆ ಕಳಿಸುವ ಒಂದೊಂದು ಕೋರಿಕೆಯೂ ಒಂದು ಆರ್‌ಪಿಸಿ. 'ಆರ್‌ಪಿಸಿ_ವೇಟ್_ಬಿಟ್_ಕಿಲ್ಲಬಲ್' ಇದ್ದರೆ ಕೋರಿಕೆ ಹೊರಟಿದೆ ಅಥವಾ ಹೊರಡಲು ಕಾದಿದೆ, ಸರ್ವರ್‌ನ ಉತ್ತರ ಬಂದಿಲ್ಲ. ಹೆಚ್ಚಿನ ವಿವರಕ್ಕೆ ರೂಟ್ ಆಗಿ ಕ್ಯಾಟ್ /ಪ್ರಾಕ್/ಪಿಐಡಿ/ಸ್ಟಾಕ್ ಮಾಡಿ, ಪಿಐಡಿ ಜಾಗದಲ್ಲಿ ಆ ಪ್ರೋಸೆಸ್‌ನ ಸಂಖ್ಯೆ ಹಾಕಿ. ಸ್ಟಾಕ್‌ನಲ್ಲಿ, ಅಂದರೆ ಕರ್ನೆಲ್ ಒಳಗೆ ಅದು ಸಾಗಿದ ಕರೆಗಳ ಪಟ್ಟಿಯಲ್ಲಿ, 'ಎನ್‌ಎಫ್‌ಎಸ್4_ವೇಟ್_ಕ್ಲಂಟ್_ರಿಕವರ್' ಕಂಡರೆ ಆವೃತ್ತಿ 4ರ ಸ್ಥಿತಿ ಮರುಸ್ಥಾಪನೆ ನಡೆದಿದೆ ಅಥವಾ ಅಲ್ಲೇ ಗಿರಕಿ ಹೊಡೆಯುತ್ತಿದೆ. 'ಜಿಎಸ್‌ಎಸ್' ಎಂದು ಶುರುವಾಗುವ ಹೆಸರುಗಳು ಕಂಡರೆ ಗುರುತು ಖಚಿತಪಡಿಸುವ ಕರ್ಬೆರೋಸ್ ಕಡೆ ಹೊರಳಿ: ಆರ್‌ಪಿಸಿ.ಜಿಎಸ್‌ಎಸ್‌ಡಿ ಓಡುತ್ತಿದೆಯೇ, ಟಿಕೆಟ್ ಅವಧಿ ಮುಗಿದಿದೆಯೇ, ಎರಡೂ ಯಂತ್ರಗಳ ಗಡಿಯಾರದ ಅಂತರ 5 ನಿಮಿಷದೊಳಗಿದೆಯೇ.

ಈ 'ಕಿಲ್ಲಬಲ್' ಪದ ಸುಮ್ಮನೆ ಇಲ್ಲ. ಲಿನಕ್ಸ್ 2.6.25ರಿಂದ ಎನ್‌ಎಫ್‌ಎಸ್‌ಗಾಗಿ ಕಾಯುವ ಪ್ರೋಸೆಸ್ ಅನ್ನು ಕಿಲ್ -9ರಿಂದ ಕೊಲ್ಲಬಹುದು. ಹಳೆಯ ಗೈಡ್‌ಗಳು ಹೇಳುವ 'ಇಂಟರ್' ಎಂಬ ಮೌಂಟ್ ಆಯ್ಕೆಗೆ ಅಂದಿನಿಂದ ಬೆಲೆಯಿಲ್ಲ, ಕರ್ನೆಲ್ ಅದನ್ನು ಓದಿ ಬದಿಗಿಡುತ್ತದೆ. ಹಾಗಿದ್ದರೂ ಕಿಲ್ -9ಕ್ಕೆ ಜಗ್ಗದ ಪ್ರೋಸೆಸ್‌ಗಳು ಸಿಗುತ್ತವೆ. ಅವು ಸರ್ವರ್‌ಗಾಗಿ ನೇರ ಕಾಯುತ್ತಿರುವುದಿಲ್ಲ. ಅದೇ ಡೈರೆಕ್ಟರಿಯ ಅಥವಾ ಕಡತದ ಬೀಗವನ್ನು ಇನ್ನೊಂದು ಪ್ರೋಸೆಸ್ ಹಿಡಿದು ಕುಳಿತಿರುತ್ತದೆ, ಇವು ಅದರ ಹಿಂದೆ ಸಾಲು ನಿಂತಿರುತ್ತವೆ. ಸಾಲಿನ ತುದಿಯಲ್ಲಿರುವ, ಆರ್‌ಪಿಸಿ ವೇಟ್‌ನಲ್ಲಿರುವ ಆ ಒಂದನ್ನು ಕೊಂದರೆ ಹಿಂದಿನವು ಒಂದೊಂದಾಗಿ ಮುಂದೆ ಸರಿಯುತ್ತವೆ.

ಸಿಕ್ಕಿಕೊಂಡ ಎಲ್ಲವನ್ನೂ ಒಮ್ಮೆಗೇ ನೋಡಬೇಕೆಂದರೆ:

ಎಕೋ ಡಬ್ಲ್ಯು > /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್

ತಡೆದು ನಿಂತ ಪ್ರತಿ ಪ್ರೋಸೆಸ್‌ನ ಸ್ಟಾಕ್ ಕರ್ನೆಲ್ ಲಾಗ್‌ಗೆ ಬೀಳುತ್ತದೆ. ಬಾಕಿ ಉಳಿದ ಆರ್‌ಪಿಸಿ ಕೋರಿಕೆಗಳ ಪಟ್ಟಿ ಬೇಕಿದ್ದರೆ /ಪ್ರಾಕ್/ಸಿಸ್/ಸನ್‌ಆರ್‌ಪಿಸಿ/ಆರ್‌ಪಿಸಿ_ಡೀಬಗ್ ಕಡತಕ್ಕೆ 0 ಬರೆಯಿರಿ. ಸೊನ್ನೆ ಬರೆಯುವುದರಿಂದ ಡೀಬಗ್ ಆನ್ ಆಗುವುದಿಲ್ಲ, ಪಟ್ಟಿ ಮಾತ್ರ ಡಿಮೆಸೇಜ್ ತೋರಿಸುವ ಕರ್ನೆಲ್ ಲಾಗ್‌ಗೆ ಬರುತ್ತದೆ.

ಹಂತ 4: ಕರ್ನೆಲ್ ಲಾಗ್

ಡಿಮೆಸೇಜ್ -ಟಿ, ಇಲ್ಲಿ ಟಿ ದೊಡ್ಡಕ್ಷರ. ಹುಡುಕಬೇಕಾದ ಸಾಲುಗಳು ಎರಡು: 'ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್' ಮತ್ತು ಅದರ ಜೋಡಿ 'ಓಕೆ'.

ಮೊದಲನೆಯದು ಮಾತ್ರ ಇದ್ದು ಎರಡನೆಯದು ಬರದಿದ್ದರೆ ಸರ್ವರ್ ಅಥವಾ ದಾರಿ ಪೂರ್ತಿ ಹೋಗಿದೆ. ಎರಡೂ ಜೋಡಿಜೋಡಿಯಾಗಿ ದಿನವಿಡೀ ಬರುತ್ತಿದ್ದರೆ ಸರ್ವರ್ ಬದುಕಿದೆ, ಆದರೆ ಹೊರೆ ಮೀರಿದೆ, ಅಥವಾ ದಾರಿಯಲ್ಲಿ ಪ್ಯಾಕೆಟ್ ಉದುರುತ್ತಿದೆ. ಈ ಸಾಲು ಬಂದ ಸಮಯವನ್ನೇ ಹ್ಯಾಂಗ್ ಶುರುವಾದ ಸಮಯ ಎಂದುಕೊಳ್ಳಬೇಡಿ. ಟಿಸಿಪಿಯಲ್ಲಿ ಟೈಮಿಯೋ 600, ರೀಟ್ರಾನ್ಸ್ 2 ಇದ್ದಾಗ ಕರ್ನೆಲ್ 60 ಸೆಕೆಂಡಿನ ಮೇಲೆ ಇನ್ನೆರಡು 60 ಕೂಡಿಸಿ, ಒಟ್ಟು 180 ಸೆಕೆಂಡ್ ಕಾದ ಮೇಲೆಯೇ ಬಾಯಿ ಬಿಡುತ್ತದೆ. ಸ್ವಿಚ್ ಲಾಗ್ ಜೊತೆ ತಾಳೆ ನೋಡುವಾಗ ಮೂರು ನಿಮಿಷ ಹಿಂದಕ್ಕೆ ಹೋಗಿ.

'ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್' ಎಂಬ ಸಾಲೂ ಕಾಣಬಹುದು. ಇದನ್ನು ಬರೆಯುವ ಕರ್ನೆಲ್ ಕಾವಲುಗಾರ, ಕಿಲ್‌ಗೆ ಬಗ್ಗುವ ಪ್ರೋಸೆಸ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಇಲ್ಲಿ ಹೆಸರು ಬಂದವು ಮೇಲೆ ಹೇಳಿದ ಎರಡನೇ ಬಗೆಯವು, ಬೀಗಕ್ಕೆ ಸಾಲು ನಿಂತವು. ನಿಜವಾದ ಕಾರಣ ಈ ಹೆಸರುಗಳಲ್ಲಿ ಇರುವುದಿಲ್ಲ.

ಹಂತ 5: ದಾರಿ

ಪಿಂಗ್ ಹೋಗುತ್ತಿದೆ ಎಂದು ಸಮಾಧಾನ ಪಡಬೇಡಿ, ಪಿಂಗ್‌ಗೆ ಉತ್ತರಿಸಲು ಎನ್‌ಎಫ್‌ಎಸ್ ಸರ್ವಿಸ್ ಬದುಕಿರಬೇಕಿಲ್ಲ. ನೇರ ಎನ್‌ಎಫ್‌ಎಸ್ ಅನ್ನೇ ಕೂಗಿ ನೋಡಿ:

ಆರ್‌ಪಿಸಿಇನ್ಫೋ -ಎನ್ 2049 -ಟಿ 192.168.10.5 100003 4

100003 ಎಂಬುದು ಎನ್‌ಎಫ್‌ಎಸ್‌ನ ಆರ್‌ಪಿಸಿ ಸಂಖ್ಯೆ, 4 ಆವೃತ್ತಿ. ಮೂರನೇ ಆವೃತ್ತಿಯ ಮೌಂಟ್ ಆಗಿದ್ದರೆ 3 ಹಾಕಿ. 'ರೆಡಿ ಅಂಡ್ ವೇಟಿಂಗ್' ಬಂದರೆ ದಾರಿ ಮತ್ತು ಸರ್ವಿಸ್ ಎರಡೂ ಇವೆ. ಈ ಕೋರಿಕೆ ಡಿಸ್ಕ್ ಮುಟ್ಟುವುದಿಲ್ಲ, ಹಾಗಾಗಿ ಇದು ಪಾಸಾಗಿ ಕಡತಗಳು ಮಾತ್ರ ಬರದಿದ್ದರೆ ನೇರ ಹಂತ 6ಕ್ಕೆ ಹೋಗಬಹುದು, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಒಂದನ್ನು ಬಿಟ್ಟು. ಅದಕ್ಕೆ ಆಮೇಲೆ ಬರೋಣ. ಪೋರ್ಟ್ ಸಂಖ್ಯೆ ಕೊಡದೆ ಕೇಳಿದರೆ ಆರ್‌ಪಿಸಿಇನ್ಫೋ ಮೊದಲು 111ರಲ್ಲಿನ ಆರ್‌ಪಿಸಿಬೈಂಡ್ ಅನ್ನು ವಿಚಾರಿಸುತ್ತದೆ. ಆವೃತ್ತಿ 4ಕ್ಕೆ 2049 ಒಂದೇ ಸಾಕಾದ್ದರಿಂದ ಫೈರ್‌ವಾಲ್‌ನಲ್ಲಿ 111 ಮುಚ್ಚಿರುವುದು ಸಾಮಾನ್ಯ. ಆಗ ಇಲ್ಲದ ದೋಷ ಕಾಣುತ್ತದೆ. ಶೋಮೌಂಟ್ -ಇ ಕೂಡ ಇದೇ ಕಾರಣಕ್ಕೆ ದಾರಿ ತಪ್ಪಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಈ ಒಂದು ಸಾಲು:

ಎಸ್‌ಎಸ್ -ಟಿಎನ್‌ಒ | ಗ್ರೆಪ್ 2049

'ಎಸ್ಟ್ಯಾಬ್' ಇದ್ದು ಸೆಂಡ್-ಕ್ಯೂ ಕಾಲಂನಲ್ಲಿ ಸೊನ್ನೆ ಇದ್ದರೆ, ನೀವು ಕಳಿಸಿದ್ದೆಲ್ಲ ಸರ್ವರ್‌ನ ಟಿಸಿಪಿ ಪದರಕ್ಕೆ ತಲುಪಿದೆ, ಉತ್ತರ ಕೊಡದಿರುವುದು ಅದು. ಸೆಂಡ್-ಕ್ಯೂನಲ್ಲಿ ಸಾವಿರಾರು ಬೈಟ್ ನಿಂತು ಪಕ್ಕದಲ್ಲಿ ಟೈಮರ್ 'ಆನ್' ಎಂದು ಓಡುತ್ತಿದ್ದರೆ ಪ್ಯಾಕೆಟ್ ಹೋಗುತ್ತಿದೆ, ಸ್ವೀಕೃತಿ ಬರುತ್ತಿಲ್ಲ, ದಾರಿಯ ದೋಷ. 'ಸಿನ್-ಸೆಂಟ್' ಇದ್ದರೆ ಸಂಪರ್ಕವೇ ಕುದುರಿಲ್ಲ.

ಸಿನ್-ಸೆಂಟ್‌ಗೆ ಒಂದು ಕುತಂತ್ರದ ಕಾರಣವಿದೆ. ಸಂಪರ್ಕ ಕಡಿದು ಮತ್ತೆ ಜೋಡಿಸುವಾಗ ಲಿನಕ್ಸ್ ಕ್ಲೈಂಟ್ ಹಳೆಯ ಸೋರ್ಸ್ ಪೋರ್ಟ್ ಅನ್ನೇ ಬಳಸಲು ನೋಡುತ್ತದೆ. ಒಂದೇ ಕೋರಿಕೆ ಎರಡು ಸಲ ಬಂದರೆ ಸರ್ವರ್ ಗುರುತು ಹಿಡಿಯಲಿ ಎಂಬುದು ಇದರ ಉದ್ದೇಶ. ನಡುವೆ ಇರುವ ಫೈರ್‌ವಾಲ್ ಹಳೆಯ ಸಂಪರ್ಕದ ದಾಖಲೆಯನ್ನು ಇನ್ನೂ ಇಟ್ಟುಕೊಂಡಿದ್ದರೆ, ಅದೇ ಪೋರ್ಟ್‌ನಿಂದ ಬಂದ ಹೊಸ ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಅನ್ನು 'ಇದೇನೋ ಸರಿಯಿಲ್ಲ' ಎಂದು ಸದ್ದಿಲ್ಲದೆ ಎಸೆಯಬಹುದು. ಲಕ್ಷಣ ಸ್ಪಷ್ಟ: ಅದೇ ಕ್ಲೈಂಟ್‌ನಿಂದ ಬೇರೆ ಪೋರ್ಟ್ ಹಿಡಿದ ಆರ್‌ಪಿಸಿಇನ್ಫೋ ಸಲೀಸಾಗಿ ಹೋಗುತ್ತದೆ, ಮೌಂಟ್ ಮಾತ್ರ ಗಂಟೆಗಟ್ಟಲೆ ಏಳುವುದಿಲ್ಲ. ಫೈರ್‌ವಾಲ್‌ನಲ್ಲಿ ಆ ಒಂದು ದಾಖಲೆ ಅಳಿಸಿದರೆ ಮೌಂಟ್ ತಾನಾಗಿ ಎದ್ದು ನಿಲ್ಲುತ್ತದೆ.

ಇನ್ನು ಎಂಟಿಯು. ಸಣ್ಣ ಡೈರೆಕ್ಟರಿಗೆ ಎಲ್‌ಎಸ್ ಚೆನ್ನಾಗಿ ಬರುತ್ತದೆ, ಸಾವಿರ ಕಡತವಿರುವ ಡೈರೆಕ್ಟರಿಗೆ ಹೋದರೆ ಹ್ಯಾಂಗ್. ಎರಡು ಸಾಲಿನ ಕಡತ ಓದಬಹುದು, ದೊಡ್ಡದನ್ನು ಓದಲಾಗದು. ಹೀಗಿದ್ದರೆ ಬೇರೇನೂ ಹುಡುಕದೆ ಎಂಟಿಯು ನೋಡಿ. ಎರಡು ತುದಿಯಲ್ಲಿ 9000 ಇಟ್ಟು ನಡುವಿನ ಒಂದು ಸ್ವಿಚ್ ಪೋರ್ಟ್ 1500ರಲ್ಲೇ ಉಳಿದಿದ್ದರೆ ದೊಡ್ಡ ಪ್ಯಾಕೆಟ್‌ಗಳು ಅಲ್ಲಿ ಮಾಯ. ಪರೀಕ್ಷೆ:

ಪಿಂಗ್ -ಎಂ ಡೂ -ಎಸ್ 8972 192.168.10.5

ಎಂ ದೊಡ್ಡಕ್ಷರ. 9000ದಲ್ಲಿ ಐಪಿ ಮತ್ತು ಐಸಿಎಂಪಿ ಹೆಡರ್‌ಗಳ 28 ಕಳೆದರೆ 8972, 1500ಕ್ಕೆ 1472. ಎರಡನೆಯದು ಹೋಗಿ ಮೊದಲನೆಯದು ಹೋಗದಿದ್ದರೆ ರೋಗ ಸಿಕ್ಕಿತು. ಕ್ಲೈಂಟ್‌ನ ಎಂಟಿಯು ಇಳಿಸಿ ತಾತ್ಕಾಲಿಕವಾಗಿ ಪಾರಾಗಬಹುದು, ನೆಟ್‌ವರ್ಕ್ ತಂಡ ಆ ಪೋರ್ಟ್ ಸರಿಮಾಡುವವರೆಗೆ.

ಹಂತ 6: ಸರ್ವರ್ ಒಳಗೆ

ಮೊದಲು ಸರ್ವರ್‌ನಲ್ಲೇ ನಿಂತು ಎಕ್ಸ್‌ಪೋರ್ಟ್ ಆದ, ಅಂದರೆ ಕ್ಲೈಂಟ್‌ಗಳಿಗೆ ಹಂಚಿದ, ಡೈರೆಕ್ಟರಿಯನ್ನು ಓದಿ. ಅಲ್ಲೂ ನಿಧಾನವಿದ್ದರೆ ಎನ್‌ಎಫ್‌ಎಸ್ ನಿರಪರಾಧಿ. ಪಿಎಸ್‌ನಲ್ಲಿ 'ಎನ್‌ಎಫ್‌ಎಸ್‌ಡಿ' ಹೆಸರಿನ ಕರ್ನೆಲ್ ಥ್ರೆಡ್‌ಗಳನ್ನು ನೋಡಿ. ಎಲ್ಲವೂ 'ಡಿ' ಸ್ಥಿತಿಯಲ್ಲಿದ್ದರೆ ಅವು ಕೆಳಗಿನ ಡಿಸ್ಕ್‌ಗಾಗಿ ಕಾದಿವೆ. ಐಒಸ್ಟಾಟ್ -ಎಕ್ಸ್ 1 ಓಡಿಸಿ ಅವೇಟ್ ಕಾಲಂ ನೋಡಿ; ರೇಡ್ ರೀಬಿಲ್ಡ್, ಕೆಡುತ್ತಿರುವ ಒಂದು ಡಿಸ್ಕ್, ಸ್ನ್ಯಾಪ್‌ಶಾಟ್ ಅಳಿಸುವಿಕೆ, ಇವು ಎಂದಿನ ಶಂಕಿತರು.

ಥ್ರೆಡ್‌ಗಳ ಸಂಖ್ಯೆ ಹೆಚ್ಚಿಸಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಬಹುಕಾಲ ಡೀಫಾಲ್ಟ್ 8 ಮಾತ್ರ ಇತ್ತು, ನೂರು ಕ್ಲೈಂಟ್‌ಗಳಿಗೆ ಅದು ಸಾಲದು. ಆರ್‌ಪಿಸಿ.ಎನ್‌ಎಫ್‌ಎಸ್‌ಡಿ 64 ಎಂದರೆ ಓಡುತ್ತಿರುವಾಗಲೇ 64ಕ್ಕೆ ಏರುತ್ತದೆ. ಶಾಶ್ವತವಾಗಿ ಬೇಕಿದ್ದರೆ /ಇಟಿಸಿ/ಎನ್‌ಎಫ್‌ಎಸ್.ಕಾನ್ಫ್ ಒಳಗೆ ಬರೆಯಿರಿ. ಆದರೆ ಡಿಸ್ಕ್‌ಗಾಗಿ 8 ಥ್ರೆಡ್ ಕಾಯುತ್ತಿದ್ದಲ್ಲಿ 64 ಥ್ರೆಡ್ ಕಾಯುವಂತೆ ಮಾಡಿದರೆ ಸಾಲು ಉದ್ದವಾಯಿತೇ ಹೊರತು ಕೆಲಸ ಮುಂದೆ ಹೋಗಲಿಲ್ಲ.

ಕಣ್ಣಿಗೆ ಬೀಳದ ಕಾರಣ ಡಿಎನ್‌ಎಸ್, ಯಂತ್ರದ ಹೆಸರಿಗೂ ಐಪಿಗೂ ತಾಳೆ ಹಾಕುವ ಸೇವೆ. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಐಪಿ ಬದಲು ಹೆಸರು ಬರೆದಿದ್ದರೆ, ಕ್ಲೈಂಟ್‌ಗೆ ಅನುಮತಿ ಇದೆಯೇ ಎಂದು ಕರ್ನೆಲ್ ಆಗಾಗ ಆರ್‌ಪಿಸಿ.ಮೌಂಟ್‌ಡಿಯನ್ನು ಕೇಳುತ್ತದೆ, ಮೌಂಟ್‌ಡಿ ಡಿಎನ್‌ಎಸ್ ಅನ್ನು ಕೇಳುತ್ತದೆ. ಡಿಎನ್‌ಎಸ್ ಸತ್ತಿದ್ದರೆ ಈ ಸರಪಳಿ ಪೂರ್ತಿ ನಿಲ್ಲುತ್ತದೆ. ಮೌಂಟ್‌ಡಿಯನ್ನು 'ಮ್ಯಾನೇಜ್-ಜಿಐಡಿಎಸ್' ಆಯ್ಕೆಯೊಂದಿಗೆ ಓಡಿಸುತ್ತಿದ್ದರೆ ಬಳಕೆದಾರರ ಗುಂಪುಗಳಿಗಾಗಿ ಎಲ್‌ಡ್ಯಾಪ್ (ಬಳಕೆದಾರರ ಮಾಹಿತಿ ಇಡುವ ಸೇವೆ) ಕಡೆಗೂ ಹೀಗೆಯೇ ಹೋಗುತ್ತದೆ. ಡಿಸ್ಕ್ ಆರಾಮವಾಗಿದೆ, ನೆಟ್‌ವರ್ಕ್ ಚೆನ್ನಾಗಿದೆ, ಆದರೂ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ನಿಂತಿವೆ ಎಂದರೆ ಇಲ್ಲಿ ನೋಡಿ. ಸರ್ವರ್‌ನಲ್ಲಿ ಗೆಟ್‌ಎಂಟ್ ಹೋಸ್ಟ್ಸ್ ಎಂದು ಬರೆದು ಕ್ಲೈಂಟ್‌ನ ಐಪಿ ಕೊಟ್ಟು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಗಮನಿಸಿ. ಪರಿಹಾರ: ಎಕ್ಸ್‌ಪೋರ್ಟ್ಸ್‌ನಲ್ಲಿ ಹೆಸರಿನ ಬದಲು 192.168.10.0/24 ಎಂದು ಬರೆದು ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ.

ಸರ್ವರ್ ಈಗಷ್ಟೇ ಮರುಶುರುವಾಗಿದ್ದರೆ ಒಂದೂವರೆ ನಿಮಿಷ ಕೈಕಟ್ಟಿ ಕೂರಿ. ಹಳೆಯ ಕ್ಲೈಂಟ್‌ಗಳು ತಮ್ಮ ಲಾಕ್‌ಗಳನ್ನು ಮರಳಿ ಪಡೆಯಲೆಂದು ಲಿನಕ್ಸ್ ಸರ್ವರ್ ಆವೃತ್ತಿ 4ರಲ್ಲಿ 90 ಸೆಕೆಂಡಿನ ಗ್ರೇಸ್ ಅವಧಿ ಇಡುತ್ತದೆ. ಆ ಹೊತ್ತಿನಲ್ಲಿ ಎಲ್‌ಎಸ್ ಬರುತ್ತದೆ, ಹೊಸದಾಗಿ ಕಡತ ತೆರೆಯಲು ಹೋದವರು ಕಾಯುತ್ತಾರೆ. ಇದನ್ನೇ ಹ್ಯಾಂಗ್ ಎಂದು ಭಾವಿಸಿ ಸರ್ವಿಸ್ ಅನ್ನು ಮತ್ತೆ ರೀಸ್ಟಾರ್ಟ್ ಮಾಡಿದರೆ 90 ಸೆಕೆಂಡ್ ಮತ್ತೆ ಮೊದಲಿನಿಂದ.

ಆವೃತ್ತಿಗೆ ತಕ್ಕ ಎರಡು ತೊಡಕುಗಳು

ಆವೃತ್ತಿ 3ರಲ್ಲಿ ಓದು-ಬರಹ ಎಲ್ಲ ಸರಿ, ಲಾಕ್ ಕೇಳುವ ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ ಎಂದರೆ ಲಾಕ್ ನೋಡಿಕೊಳ್ಳುವ ಲಾಕ್‌ಡಿ ಮತ್ತು ಸ್ಟಾಟ್‌ಡಿ ನೋಡಿ. ಲಾಕ್ ಇಲ್ಲಿ ಬೇರೆಯೇ ಪ್ರೋಟೋಕಾಲ್, ಅದರ ಪೋರ್ಟ್ ಪ್ರತಿ ಬೂಟ್‌ಗೂ ಬದಲಾಗಬಹುದು. ಜೊತೆಗೆ ಸರ್ವರ್‌ನಿಂದ ಕ್ಲೈಂಟ್ ಕಡೆಗೂ ಸಂಪರ್ಕ ಬರಬೇಕು. ಆ ಪೋರ್ಟ್‌ಗಳನ್ನು ಸ್ಥಿರ ಮಾಡಿ ಫೈರ್‌ವಾಲ್‌ನಲ್ಲಿ ಎರಡೂ ದಿಕ್ಕಿಗೆ ತೆರೆಯಿರಿ. 'ನೋಲಾಕ್' ಹಾಕಿ ತಪ್ಪಿಸಿಕೊಳ್ಳುವುದು, ಆ ಕಡತವನ್ನು ಬಳಸುವುದು ಒಂದೇ ಯಂತ್ರ ಎಂದು ಖಾತ್ರಿಯಿದ್ದಾಗ ಮಾತ್ರ.

ಆವೃತ್ತಿ 4ರ ತೊಡಕು ಬೇರೆ, ವರ್ಚುವಲ್ ಯಂತ್ರಗಳ ಕಾಲದ್ದು. ಕ್ಲೈಂಟ್ ತನ್ನ ಗುರುತನ್ನು ಮುಖ್ಯವಾಗಿ ಹೋಸ್ಟ್‌ನೇಮ್‌ನಿಂದ ಕಟ್ಟಿಕೊಳ್ಳುತ್ತದೆ. ಒಂದೇ ಇಮೇಜ್‌ನಿಂದ ಕ್ಲೋನ್ ಮಾಡಿ ಹೋಸ್ಟ್‌ನೇಮ್ ಬದಲಿಸದೆ ಬಿಟ್ಟರೆ ಎರಡು ಯಂತ್ರಗಳು ಒಂದೇ ಹೆಸರಲ್ಲಿ ಸರ್ವರ್ ಮುಂದೆ ನಿಲ್ಲುತ್ತವೆ. ಒಂದು ಬಂದಾಗ ಇನ್ನೊಂದರ ಸ್ಥಿತಿ ಅಳಿಯುತ್ತದೆ, ಅದು ಮರಳಿ ಪಡೆಯಲು ಹೋದಾಗ ಇದರದು ಅಳಿಯುತ್ತದೆ. ಎರಡರಲ್ಲೂ ಹೆಸರಿನ ಕೊನೆಗೆ 'ಮ್ಯಾನೇಜರ್' ಎಂದಿರುವ ಕರ್ನೆಲ್ ಥ್ರೆಡ್ ಬಿಡುವಿಲ್ಲದೆ ದುಡಿಯುತ್ತಿರುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಹೋಸ್ಟ್‌ನೇಮ್ ಬೇರೆ ಮಾಡಿ, ಅಥವಾ ಎನ್‌ಎಫ್‌ಎಸ್ ಮಾಡ್ಯೂಲ್‌ನ 'ಎನ್‌ಎಫ್‌ಎಸ್4_ಯುನಿಕ್_ಐಡಿ' ಎಂಬ ಪ್ಯಾರಾಮೀಟರ್‌ಗೆ ಪ್ರತಿ ಯಂತ್ರಕ್ಕೂ ಬೇರೆ ಬೆಲೆ ಕೊಡಿ.

ಹಂತ 7: ಬಿಡಿಸುವುದು

ಸರ್ವರ್ ಮರಳುವಂತಿದ್ದರೆ ಏನೂ ಮಾಡಬೇಡಿ. ಮರಳಿದ ಮೇಲೆ ಪ್ರೋಸೆಸ್‌ಗಳು ತಾವೇ ಮುಂದುವರಿಯುತ್ತವೆ. ಮರುಪ್ರಯತ್ನದ ನಡುವಿನ ಅಂತರ ಬೆಳೆಯುತ್ತ 10 ನಿಮಿಷದವರೆಗೂ ಹೋಗಬಹುದಾದ್ದರಿಂದ ಸರ್ವರ್ ಎದ್ದ ಮರುಕ್ಷಣವೇ ಎಲ್ಲ ಸರಿಹೋಗದಿದ್ದರೆ ಗಾಬರಿ ಬೇಡ.

ಮರಳುವುದಿಲ್ಲ ಎಂದು ಖಚಿತವಾದರೆ ಈ ಅನುಕ್ರಮ.

ಮೊದಲು ಯಾರು ಬಳಸುತ್ತಿದ್ದಾರೆ ಎಂದು ಹುಡುಕಿ. ಫ್ಯೂಸರ್ ಮತ್ತು ಎಲ್‌ಎಸ್‌ಒಎಫ್ ಇಲ್ಲಿ ತಾವೇ ಹ್ಯಾಂಗ್ ಆಗಬಹುದು. ಎಲ್‌ಎಸ್‌ಒಎಫ್ ಬೇಕೇ ಬೇಕಿದ್ದರೆ -ಬಿ ಮತ್ತು -ಡಬ್ಲ್ಯು ಆಯ್ಕೆಗಳೊಂದಿಗೆ ಓಡಿಸಿ, ತಡೆದು ನಿಲ್ಲಿಸುವ ಕರೆಗಳನ್ನು ಅದು ಬಿಟ್ಟುಬಿಡುತ್ತದೆ. ಇನ್ನೂ ಸುರಕ್ಷಿತ ದಾರಿ, /ಪ್ರಾಕ್ ಅಡಿಯ ಪ್ರತಿ ಪ್ರೋಸೆಸ್‌ನ ಸಿಡಬ್ಲ್ಯುಡಿ ಮತ್ತು ಎಫ್‌ಡಿ ಕೊಂಡಿಗಳನ್ನು ರೀಡ್‌ಲಿಂಕ್‌ನಿಂದ ಓದುವುದು. ರೀಡ್‌ಲಿಂಕ್ ಕೊಂಡಿಯನ್ನಷ್ಟೇ ಓದುತ್ತದೆ. ಬಣ್ಣ ಹಚ್ಚುವ ಎಲ್‌ಎಸ್ -ಎಲ್ ಹಾಗಲ್ಲ: ಕೊಂಡಿಯ ತುದಿ ಇದೆಯೋ ಇಲ್ಲವೋ ಎಂದು ನೋಡಿ ಬಣ್ಣ ನಿರ್ಧರಿಸಲು ಸರ್ವರ್ ತನಕ ಹೋಗಿ ಅಲ್ಲೇ ಉಳಿಯುತ್ತದೆ. ಅನೇಕ ಡಿಸ್ಟ್ರೋಗಳಲ್ಲಿ ಎಲ್‌ಎಸ್ ಎಂದರೆ ಬಣ್ಣದ ಅಲಿಯಾಸೇ.

ಸಿಕ್ಕವುಗಳಿಗೆ ಕಿಲ್ -9. ಆಮೇಲೆ:

ಯುಮೌಂಟ್ -ಎಫ್ /ಡೇಟಾ

ಇದು ಬಾಕಿ ಇರುವ ಆರ್‌ಪಿಸಿಗಳನ್ನು ಎರರ್ ಕೊಟ್ಟು ಕಡಿದುಹಾಕುತ್ತದೆ. ಒಂದು ಸಲಕ್ಕೆ 'ಬ್ಯುಸಿ' ಎಂದರೆ ಇನ್ನೆರಡು ಸಲ ಓಡಿಸಿ, ಕಡಿದ ಬೆನ್ನಲ್ಲೇ ಹೊಸ ಕೋರಿಕೆಗಳು ಹುಟ್ಟಿರುತ್ತವೆ. ಪೂರ್ತಿ ಪಾತ್ ಬರೆಯಿರಿ, ನಡುವೆ ಸಿಮ್‌ಲಿಂಕ್ ಇರಬಾರದು. ಇಲ್ಲದಿದ್ದರೆ ಪಾತ್ ಬಿಡಿಸಲು ಹೋಗಿ ಯುಮೌಂಟೇ ನಿಂತೀತು. ನೆನಪಿರಲಿ, ಇನ್ನೂ ಸರ್ವರ್‌ಗೆ ಹೋಗದೆ ಮೆಮೊರಿಯಲ್ಲಿದ್ದ ಬರಹ ಇಲ್ಲಿ ಹೋಯಿತು.

ಕಡೆಯದು ಯುಮೌಂಟ್ -ಎಲ್, ಅಂದರೆ ಲೇಜಿ. ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ, ಏಕೆಂದರೆ ತಕ್ಷಣ ಪ್ರಾಂಪ್ಟ್ ಬರುತ್ತದೆ ಮತ್ತು ಡಿಎಫ್ ಕೆಲಸ ಮಾಡುತ್ತದೆ. ಆದರೆ ಇದು ಹೆಸರನ್ನು ಮಾತ್ರ ಮರದಿಂದ ಕೀಳುತ್ತದೆ. ಸಿಕ್ಕಿಕೊಂಡ ಪ್ರೋಸೆಸ್‌ಗಳು ಹಾಗೇ ಇರುತ್ತವೆ, ಮೌಂಟ್ ಪಟ್ಟಿಯಿಂದ ಮರೆಯಾದ್ದರಿಂದ ಯುಮೌಂಟ್ -ಎಫ್ ಮಾಡಲು ಹಿಡಿಯೇ ಉಳಿಯುವುದಿಲ್ಲ. ಅದೇ ಎಕ್ಸ್‌ಪೋರ್ಟ್ ಅನ್ನು ಮತ್ತೆ ಮೌಂಟ್ ಮಾಡಿದರೆ ಕರ್ನೆಲ್ ಹಳೆಯ, ಇನ್ನೂ ಸಾಯದ ರಚನೆಯನ್ನೇ ಹಂಚಿಕೊಂಡು ಹೊಸ ಮೌಂಟ್ ಕೂಡ ಹ್ಯಾಂಗ್ ಆಗಬಹುದು. ಹಾಗಾಗಿ ಕಿಲ್, -ಎಫ್, ಆಮೇಲೆಯೇ -ಎಲ್.

ಸರ್ವರ್ ಯಂತ್ರ ಶಾಶ್ವತವಾಗಿ ಹೋಗಿದ್ದು, ಕ್ಲೈಂಟ್ ರೀಬೂಟ್ ಮಾಡುವಂತಿಲ್ಲದಿದ್ದರೆ ಹಳೆಯ ತಂತ್ರವೊಂದಿದೆ: ಎನ್‌ಎಫ್‌ಎಸ್ ಸರ್ವಿಸ್ ಓಡುತ್ತಿರುವ ಬೇರೆ ಯಂತ್ರಕ್ಕೆ ಸತ್ತ ಸರ್ವರ್‌ನ ಐಪಿಯನ್ನು ಹೆಚ್ಚುವರಿಯಾಗಿ ಕೊಡುವುದು. ಕ್ಲೈಂಟ್ ಕೇಳಿದ ಹ್ಯಾಂಡಲ್ (ಕಡತದ ಗುರುತು) ತನಗೆ ಗೊತ್ತಿಲ್ಲದ್ದರಿಂದ ಅದು 'ಸ್ಟೇಲ್ ಫೈಲ್ ಹ್ಯಾಂಡಲ್' ಎನ್ನುತ್ತದೆ. ಎರರ್ ಆದರೇನು, ಉತ್ತರ ಉತ್ತರವೇ. ಕಾಯುತ್ತಿದ್ದವು ಬಿಡುಗಡೆಯಾಗುತ್ತವೆ, ಯುಮೌಂಟ್ ಆಗುತ್ತದೆ. ಆ ಐಪಿ ಬೇರೆಲ್ಲೂ ಜೀವಂತವಾಗಿಲ್ಲ ಎಂದು ಎರಡು ಸಲ ನೋಡಿಕೊಂಡೇ ಕೈ ಹಾಕಿ, ಕೆಲಸ ಮುಗಿದ ಕೂಡಲೇ ತೆಗೆಯಿರಿ.

ರೀಬೂಟ್ ಅನಿವಾರ್ಯವಾದರೂ ಸಲೀಸಲ್ಲ. ಎಂದಿನ ರೀಬೂಟ್ ಡೇಟಾ ಸಿಂಕ್ ಮಾಡಲು ಹೋಗಿ ಎನ್‌ಎಫ್‌ಎಸ್ ಮೇಲೆಯೇ ನಿಲ್ಲಬಹುದು. ಡೇಟಾಬೇಸ್ ಮುಂತಾದ ಲೋಕಲ್ ಸರ್ವಿಸ್‌ಗಳನ್ನು ಮೊದಲು ಕೈಯಾರೆ ನಿಲ್ಲಿಸಿ. ಆಮೇಲೆ ಸಿಸ್‌ಆರ್‌ಕ್ಯೂ-ಟ್ರಿಗರ್ ಕಡತಕ್ಕೆ ಮೊದಲು ಎಸ್ (ಸಿಂಕ್), ಹತ್ತು ಸೆಕೆಂಡ್ ಬಿಟ್ಟು ಯು (ಡಿಸ್ಕ್‌ಗಳನ್ನು ಓದಲು ಮಾತ್ರ ಎಂದು ಮಾಡುವುದು), ಕೊನೆಗೆ ಬಿ ಬರೆಯಿರಿ. ಬಿ ಬರೆದ ಕ್ಷಣವೇ ಯಂತ್ರ ಮರುಶುರುವಾಗುತ್ತದೆ, ಯಾರನ್ನೂ ಕೇಳುವುದಿಲ್ಲ.

ಲಿನಕ್ಸ್ ಅಲ್ಲದಿದ್ದರೆ: ಫ್ರೀಬಿಎಸ್‌ಡಿಯಲ್ಲಿ ಯುಮೌಂಟ್ -ಎನ್ ಇದೆ, ಎನ್ ದೊಡ್ಡಕ್ಷರ, ಸರಿಯಾಗಿ ಇಂಥ ಮೌಂಟ್‌ಗಳಿಗೆಂದೇ; ಪಾತ್ ಅನ್ನು ಮೌಂಟ್ ಮಾಡುವಾಗ ಬರೆದಂತೆಯೇ ಅಕ್ಷರಶಃ ಕೊಡಬೇಕು. ಸೊಲಾರಿಸ್ ಮತ್ತು ಮ್ಯಾಕ್‌ಓಎಸ್‌ನಲ್ಲಿ ಯುಮೌಂಟ್ -ಎಫ್.

ಹಂತ 8: ಮುಂದಿನ ಸಲಕ್ಕೆ

'ಸಾಫ್ಟ್ ಹಾಕಿಬಿಡೋಣ, ಹ್ಯಾಂಗೇ ಆಗುವುದಿಲ್ಲ' ಎನ್ನುವ ಆಸೆ ಸಹಜ. ಬರೆಯುವ ಮೌಂಟ್‌ಗೆ ಅದು ಬೇಡ. ಸಾಫ್ಟ್‌ನಲ್ಲಿ ಟೈಮ್‌ಔಟ್ ಆದರೆ ಅಪ್ಲಿಕೇಶನ್‌ಗೆ ಎರರ್ ಹೋಗುತ್ತದೆ. ಆ ಎರರ್ ಅನ್ನು ಪರೀಕ್ಷಿಸದ ಪ್ರೋಗ್ರಾಂ ಮುಂದುವರಿದು ನಡುವೆ ತೂತಿರುವ ಕಡತ ಉಳಿಸುತ್ತದೆ. ಹ್ಯಾಂಗ್ ಆದದ್ದು ಕಣ್ಣಿಗೆ ಕಾಣುತ್ತದೆ, ಕೆಟ್ಟ ಕಡತ ತಿಂಗಳು ಬಿಟ್ಟು ಕಾಣುತ್ತದೆ. ಓದಲು ಮಾತ್ರ ಇರುವ ಮೌಂಟ್‌ಗೆ ಬೇಕಾದರೆ ಇರಲಿ. ಲಿನಕ್ಸ್ 5.2ರಿಂದ 'ಸಾಫ್ಟ್‌ಎರ್' ಸಹ ಇದೆ. ಅದು ಕೊಡುವುದು ಟೈಮ್‌ಔಟ್ ಎಂದೇ ಹೇಳುವ ಎರರ್, ಕಾರಣ ಗುರುತಿಸುವುದು ಸುಲಭ.

ಮೌಂಟ್‌ಗಳನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದ ಸಾಲು ಹೀಗಿರಲಿ, ಒಂದೇ ಸಾಲಿನಲ್ಲಿ:

ಫೈಲರ್:/ಎಕ್ಸ್‌ಪೋರ್ಟ್/ಡೇಟಾ /ಎನ್‌ಎಫ್‌ಎಸ್/ಡೇಟಾ ಎನ್‌ಎಫ್‌ಎಸ್ ಹಾರ್ಡ್,_ನೆಟ್‌ಡೆವ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್,ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್=30 0 0

_ನೆಟ್‌ಡೆವ್ ಇದ್ದರೆ ಶಟ್‌ಡೌನ್‌ನಲ್ಲಿ ಮೊದಲು ಮೌಂಟ್, ಆಮೇಲೆ ನೆಟ್‌ವರ್ಕ್ ಇಳಿಯುತ್ತದೆ. ಅನುಕ್ರಮ ತಿರುಗುಮುರುಗಾದರೆ ಪ್ರತಿ ಶಟ್‌ಡೌನೂ ಹ್ಯಾಂಗ್. ನೋಫೇಲ್ ಇದ್ದರೆ ಸರ್ವರ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ಆಟೋಮೌಂಟ್‌ನಿಂದ ಯಾರಾದರೂ ಮುಟ್ಟುವವರೆಗೆ ಮೌಂಟೇ ಇರುವುದಿಲ್ಲ. ಮೌಂಟ್ ಪಾಯಿಂಟ್ ಅನ್ನು ರೂಟ್‌ನಿಂದ ಒಂದು ಮೆಟ್ಟಿಲು ಕೆಳಗೆ, /ಎನ್‌ಎಫ್‌ಎಸ್ ಒಳಗೆ ಇಟ್ಟಿರುವುದು ಎಲ್‌ಎಸ್ -ಎಲ್ / ಮಾಡಿದವರನ್ನು ಉಳಿಸಲು.

ಮಾನಿಟರಿಂಗ್ ಏಜೆಂಟ್‌ನ ಡಿಎಫ್‌ಗೆ -ಎಲ್ ಸೇರಿಸಿ, ಕಡತಗಳ ಹೆಸರಿನ ಸೂಚಿ ಕಟ್ಟುವ ಅಪ್‌ಡೇಟ್‌ಡಿಬಿಯ ಕಾನ್ಫಿಗ್‌ನಲ್ಲಿ ಎನ್‌ಎಫ್‌ಎಸ್ ಮತ್ತು ಎನ್‌ಎಫ್‌ಎಸ್4 ಎರಡನ್ನೂ ಹೊರಗಿಡಿ. ಸರ್ವರ್ ತನ್ನದೇ ಎಕ್ಸ್‌ಪೋರ್ಟ್ ಅನ್ನು ತಾನೇ ಎನ್‌ಎಫ್‌ಎಸ್ ಮೂಲಕ ಮೌಂಟ್ ಮಾಡಿಕೊಂಡಿದ್ದರೆ ಇಂದೇ ತೆಗೆಯಿರಿ. ಮೆಮೊರಿ ಕಡಿಮೆಯಾದಾಗ ಜಾಗ ಬಿಡಿಸಲು ಕ್ಲೈಂಟ್ ಬರೆಯಬೇಕು, ಬರೆಯಲು ಸರ್ವರ್‌ಗೆ ಮೆಮೊರಿ ಬೇಕು, ಎರಡೂ ಒಂದೇ ಯಂತ್ರ. ಲೋಕಲ್ ಡೈರೆಕ್ಟರಿಯನ್ನೇ ಇನ್ನೊಂದು ಜಾಗದಲ್ಲಿ ತೋರಿಸುವ ಬೈಂಡ್ ಮೌಂಟ್ ಸಾಕು.